ನಿಂತ ಶೀತಪೆಟ್ಟಿಗೆಗೆ ಗಾಳಿಯೇ ಔಷಧ

ಬೇಸಗೆಯ ರಜೆ ಮುಗಿದು ಶಾಲೆ ತೆರೆಯುವ ಹಿಂದಿನ ದಿನ, ಪುಸ್ತಕದ ಚೀಲದ ತಳದಲ್ಲಿ ಮರೆತುಹೋಗಿದ್ದ ಊಟದ ಡಬ್ಬಿ ಕೈಗೆ ಸಿಕ್ಕಿದ ಅನುಭವ ನಮ್ಮ ವಾಚಕರಲ್ಲಿ ಕೆಲವರಿಗಾದರೂ ಇದ್ದೀತು. ಡಬ್ಬಿಯನ್ನು ತೊಳೆದೇ ಇಟ್ಟಿದ್ದರೆಂದು ಭಾವಿಸೋಣ. ಆದರೂ ಮುಚ್ಚಳ ತೆರೆದೊಡನೆ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಮುಚ್ಚಳದ ಅಂಚಿನ ರಬ್ಬರು ಪಟ್ಟಿಯ ಸಂದಿನಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ. "ತೊಳೆದಿದ್ದೆನಲ್ಲ!" ಎಂದು ಹುಡುಗ ವಾದಿಸುತ್ತಾನೆ. ತೊಳೆದದ್ದು ನಿಜ, ಒಣಗಿಸದೆ ಮುಚ್ಚಿದ್ದೂ ನಿಜ. ತೊಳೆಯುವುದಕ್ಕೂ ಒಣಗಿಸುವುದಕ್ಕೂ ಇರುವ ಈ ಅಂತರವೇ ನಮ್ಮ ಇಂದಿನ ವಿಷಯ.

ಆ ಡಬ್ಬಿಯನ್ನೇ ಇನ್ನೂರು ಲೀಟರು ಹಿಡಿಯುವಷ್ಟು ದೊಡ್ಡದಾಗಿ ಕಲ್ಪಿಸಿಕೊಳ್ಳಿ. ಅದರ ಗೋಡೆಗಳು ಶಾಖವನ್ನು ಹಾಯಗೊಡದಷ್ಟು ದಪ್ಪವಾಗಿರಲಿ. ಬಾಗಿಲಿನ ಸುತ್ತ ಗಾಳಿ ನುಸುಳದಂತೆ ಮೆತ್ತನೆಯ ಪಟ್ಟಿ ಇರಲಿ. ಈ ಪೆಟ್ಟಿಗೆಯನ್ನು ಐದಾರು ತಿಂಗಳು ಯಾರೂ ತೆರೆಯದೆ ಬಿಟ್ಟರೆ ಏನಾದೀತು? ಇದು ಬರಿಯ ಕಲ್ಪನೆಯಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿಯೂ ಕೆನಡ ದೇಶದಲ್ಲಿಯೂ ಲಕ್ಷಾಂತರ ಕುಟುಂಬಗಳು ವರ್ಷವರ್ಷವೂ ಎದುರಿಸುವ ಪ್ರಶ್ನೆ ಇದು. ಬೇಸಗೆಯ ಪ್ರವಾಸಕ್ಕೆಂದು ಅವರು ಇಟ್ಟುಕೊಂಡಿರುವ ವಾಹನಗಳು ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವನ್ನೂ ಹೊತ್ತು ಸಾಗುವ ಮನೆಬಂಡಿಗಳು. 'ಆರ್.ವಿ.' ಎಂಬುದು ಅಲ್ಲಿ ಅವುಗಳ ಬಳಕೆಯ ಹೆಸರು. ಇಂಥ ಬಂಡಿಗಳಲ್ಲಿ ಸಾಮಾನ್ಯವಾಗಿ ಒಂದು ರೆಫ್ರಿಜರೇಟರು, ಅಂದರೆ ಶೀತಪೆಟ್ಟಿಗೆ, ಇದ್ದೇ ಇರುತ್ತದೆ. ಚಳಿಗಾಲ ಸಮೀಪಿಸಿದೊಡನೆ ಬಂಡಿಯ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಒಡೆಯದಂತೆ ನೀರನ್ನೆಲ್ಲ ಬಸಿದು, ಬಂಡಿಗೆ ಬೀಗ ಹಾಕುತ್ತಾರೆ. ವಸಂತ ಕಾಲದಲ್ಲಿ ಬೀಗ ತೆಗೆದಾಗ ಕೆಲವರಿಗೆ ಶೀತಪೆಟ್ಟಿಗೆಯ ಒಳಗೋಡೆಯೆಲ್ಲ ಹಸಿರು, ಬೂದಿ, ಕಪ್ಪು ಬಣ್ಣಗಳ ಬೂಷ್ಟು ಹಬ್ಬಿದ ದೃಶ್ಯ ಕಾದಿರುತ್ತದೆ.

ಈ ವಿಪತ್ತನ್ನು ತಡೆಯಲು ಅಂಗಡಿಗಳಲ್ಲಿ ಪುಡಿಗಳು, ಸುಗಂಧಗಳು, ಸಿಂಪಡಿಸುವ ದ್ರವಗಳು ದೊರೆಯುತ್ತವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಇವುಗಳಲ್ಲಿ ಹೆಚ್ಚಿನವು ಮೂಗಿಗೆ ಸಮಾಧಾನ ಹೇಳತಕ್ಕವುಗಳೇ ಹೊರತು ಬೂಷ್ಟಿನ ಮೂಲವನ್ನು ಮುಟ್ಟತಕ್ಕವುಗಳಲ್ಲ. ಒಣಗಿಸಿ, ಬಾಗಿಲನ್ನು ಓರೆಯಾಗಿ ತೆರೆದಿಡುವುದು ಕಾಸಿನ ಖರ್ಚಿಲ್ಲದ ಉಪಾಯ. ಅದೇ ಶಾಸ್ತ್ರಸಮ್ಮತವಾದ ಉಪಾಯವೂ ಹೌದು. ಇದಕ್ಕೆ ಕಾರಣಗಳನ್ನು ಮುಂದೆ ವಿವರಿಸುತ್ತೇವೆ. ಬಂಡಿಯ ಮಾತು ದೂರದೇಶದ್ದಾದರೂ ಕಾರಣಗಳು ಎಲ್ಲ ದೇಶಗಳಿಗೂ ಸಲ್ಲುವಂಥವು.

ಚಳಿ ಕೊಲ್ಲುವುದಿಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೊಡೆದುಹಾಕಬೇಕು. ಶೀತಪೆಟ್ಟಿಗೆಯಲ್ಲಿ ಆಹಾರ ಕೆಡದೆ ಉಳಿಯುವುದನ್ನು ಕಂಡು, ಅದರೊಳಗಿನ ಸೂಕ್ಷ್ಮಜೀವಿಗಳೆಲ್ಲ ಸತ್ತುಹೋಗುತ್ತವೆಂದು ಅನೇಕರು ನಂಬಿದ್ದಾರೆ. ಅದು ಸರಿಯಲ್ಲ. ಚಳಿಯು ಅವುಗಳ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಪೆನಿಸಿಲಿಯಮ್, ಕ್ಲಾಡೋಸ್ಪೋರಿಯಮ್ ಮುಂತಾದ ಜಾತಿಯ ಬೂಷ್ಟುಗಳಲ್ಲಿ ಕೆಲವು ಶೀತಪೆಟ್ಟಿಗೆಯ 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೂ ಮೆಲ್ಲಮೆಲ್ಲನೆ ಬೆಳೆಯಬಲ್ಲವು. ಮೂಲೆಯಲ್ಲಿ ಉಳಿದ ನಿಂಬೆಹಣ್ಣಿನ ಮೇಲೆ ಹಸಿರು ಹುಡಿ ಮೂಡುವುದನ್ನು ನಾವು ನೋಡಿಯೇ ಇದ್ದೇವೆ. ಇನ್ನೂ ಒಂದು ಮಾತು: ಪ್ರಯೋಗಶಾಲೆಗಳಲ್ಲಿ ಬೂಷ್ಟುಗಳ ತಳಿಗಳನ್ನು ವರ್ಷಗಟ್ಟಲೆ ಜೀವಂತವಾಗಿ ಉಳಿಸಬೇಕಾದರೆ ಅವುಗಳನ್ನು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ನಿನಲ್ಲಿ ಕಾಪಿಡುತ್ತಾರೆ. ಕಾಪಾಡಲು ಬಳಸುವ ಸಾಧನವನ್ನೇ ಕೊಲ್ಲುವ ಸಾಧನವೆಂದು ನಾವು ಭ್ರಮಿಸಬಾರದು. ಉತ್ತರ ಅಮೆರಿಕದ ಕಡುಚಳಿಯಲ್ಲಿ ನಿಂತ ಬಂಡಿಯೊಳಗೆ ಬೂಷ್ಟು ನಿದ್ರಿಸುತ್ತದೆ. ವಸಂತದ ಬಿಸಿಲು ಬಿದ್ದೊಡನೆ ಎಚ್ಚರಗೊಳ್ಳುತ್ತದೆ.

ಬೂಷ್ಟು ಶಿಲೀಂಧ್ರಗಳ ವರ್ಗಕ್ಕೆ ಸೇರಿದ ಜೀವಿ. ಅದು ಸಂತಾನವನ್ನು ಹರಡುವುದು ಬೀಜಕಗಳೆಂಬ ಅತಿ ಸೂಕ್ಷ್ಮ ಕಣಗಳ ಮೂಲಕ. ಇವುಗಳಲ್ಲಿ ಹೆಚ್ಚಿನವುಗಳ ಅಡ್ಡಳತೆ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಡಮೆ. ನಾವು ಉಸಿರಾಡುವ ಗಾಳಿಯಲ್ಲಿ ಅವು ಸದಾ ತೇಲಾಡುತ್ತಿರುತ್ತವೆ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ಬ್ಯಾಕ್ಟೀರಿಯಗಳನ್ನು ಬೆಳೆಸುತ್ತಿದ್ದ ತಟ್ಟೆಯ ಮೇಲೆ ಯಾರೂ ಕರೆಯದೆ ಬಂದು ಬಿದ್ದುದು ಇಂಥದೊಂದು ಬೀಜಕವೇ. ಅದರಿಂದ ಪೆನಿಸಿಲಿನ್ ಔಷಧವು ಲೋಕಕ್ಕೆ ದೊರೆಯಿತು. ಆದುದರಿಂದ ಬೂಷ್ಟನ್ನು ಶತ್ರುವೆಂದು ನಿಂದಿಸುವುದು ನಮ್ಮ ಉದ್ದೇಶವಲ್ಲ. ಕಾಡಿನ ತರಗೆಲೆಯನ್ನು ಮಣ್ಣಿಗೆ ಮರಳಿಸುವ ಕೆಲಸ ಅದರದು. ಆ ಕೆಲಸವನ್ನು ಅದು ನಮ್ಮ ಅಡಿಗೆಯ ಪೆಟ್ಟಿಗೆಯೊಳಗೆ ಮಾಡಬಾರದೆಂಬುದಷ್ಟೇ ನಮ್ಮ ಅಪೇಕ್ಷೆ. ಆಸ್ತಮ ಇರುವವರಿಗೂ ಒಗ್ಗದಿಕೆಯ ತೊಂದರೆ ಇರುವವರಿಗೂ ಬೂಷ್ಟಿನ ಹುಡಿಯಿಂದ ಉಸಿರಾಟದ ಕಷ್ಟ ಉಂಟಾಗಬಹುದಾದ್ದರಿಂದ, ಈ ಅಪೇಕ್ಷೆ ಬರಿಯ ಅಚ್ಚುಕಟ್ಟಿನ ಮಾತಲ್ಲ, ಆರೋಗ್ಯದ ಮಾತೂ ಹೌದು.

ಬೂಷ್ಟು ಬೆಳೆಯಲು ಐದು ಅನುಕೂಲಗಳು ಬೇಕು: ಬೀಜಕ, ಆಮ್ಲಜನಕ, ತಕ್ಕ ಉಷ್ಣತೆ, ಆಹಾರ, ನೀರು. ಇವುಗಳಲ್ಲಿ ಯಾವುದನ್ನು ನಾವು ತಪ್ಪಿಸಬಹುದು? ಬೀಜಕಗಳು ಎಲ್ಲೆಲ್ಲಿಯೂ ಇವೆ, ಅವುಗಳನ್ನು ತಡೆಯಲಾರೆವು. ಆಮ್ಲಜನಕ ಪೆಟ್ಟಿಗೆಯೊಳಗಿನ ಗಾಳಿಯಲ್ಲಿಯೇ ಸಾಕಷ್ಟಿದೆ. ಋತುಮಾನದ ಉಷ್ಣತೆ ನಮ್ಮ ಕೈಯಲ್ಲಿಲ್ಲ. ಆಹಾರವನ್ನು ಬಹುಮಟ್ಟಿಗೆ ತೊಳೆದು ತೆಗೆಯಬಹುದು. ಆದರೆ ಹಾಲಿನ ತೆಳುಪೊರೆ, ಬೆಣ್ಣೆಯ ಜಿಡ್ಡು ಎಲ್ಲಾದರೊಂದು ಸಂದಿನಲ್ಲಿ ಉಳಿದೇ ಉಳಿಯುತ್ತದೆ, ಬೂಷ್ಟಿಗೆ ಅಷ್ಟು ಸಾಕು. ಕೊನೆಗೆ ಉಳಿದದ್ದು ನೀರು. ಐದರಲ್ಲಿ ನಾವು ಪೂರ್ತಿಯಾಗಿ ಹಿಡಿತಕ್ಕೆ ತಂದುಕೊಳ್ಳಬಹುದಾದದ್ದು ಇದೊಂದೇ. ಸುತ್ತಣ ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ಎಪ್ಪತ್ತಕ್ಕಿಂತ ಕೆಳಗಿದ್ದರೆ ಸಾಮಾನ್ಯವಾದ ಬೂಷ್ಟುಗಳಲ್ಲಿ ಬಹುಪಾಲು ತಲೆಯೆತ್ತಲಾರವು.

ಒಂದು ಚಹಾ ಚಮಚದ ಲೆಕ್ಕ

ಎಷ್ಟು ನೀರು ಉಳಿದರೆ ಅಪಾಯ? ಇದಕ್ಕೆ ಉತ್ತರವನ್ನು ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಬಹುದು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರು ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಮನೆಬಂಡಿಯ ಸಾಧಾರಣ ಶೀತಪೆಟ್ಟಿಗೆಯ ಒಳಗಾತ್ರ ಸುಮಾರು 200 ಲೀಟರು, ಎಂದರೆ ಘನಮೀಟರಿನ ಐದನೆಯ ಒಂದು ಪಾಲು. ಹದಿನೇಳನ್ನು ಐದರಿಂದ ಭಾಗಿಸಿದರೆ ಮೂರೂವರೆ ಗ್ರಾಂಗಿಂತ ಕೊಂಚ ಕಡಮೆ ಬರುತ್ತದೆ. ಒಂದು ಚಹಾ ಚಮಚ ನೀರು ಸುಮಾರು ಐದು ಗ್ರಾಂ ತೂಗುತ್ತದೆ. ಅಂದರೆ, ತುಂಬ ಒಣಗಿದ ಗಾಳಿಯಿಂದ ಹೊರಟರೂ ಒಂದು ಚಮಚದಷ್ಟು ನೀರು ಆ ಪೆಟ್ಟಿಗೆಯ ಗಾಳಿಯನ್ನೆಲ್ಲ ತಣಿಸಿ, ಇನ್ನೂ ಗೋಡೆಯ ಮೇಲೆ ಹನಿಯಾಗಿ ಮಿಗುತ್ತದೆ! ಹೊರಹೋಗಲು ದಾರಿಯಿಲ್ಲದ್ದರಿಂದ ಆ ತೇವ ತಿಂಗಳುಗಟ್ಟಲೆ ಅಲ್ಲಿಯೇ ಸುಳಿದಾಡುತ್ತದೆ. ಹಗಲು ಆವಿಯಾಗಿ, ರಾತ್ರಿ ತಣ್ಣನೆಯ ಮೂಲೆಯಲ್ಲಿ ಮತ್ತೆ ಹನಿಗೂಡುತ್ತದೆ.

ನಡೆಯುತ್ತಿರುವ ಶೀತಪೆಟ್ಟಿಗೆಯಲ್ಲಿ ಈ ತೊಂದರೆ ಇಷ್ಟು ಉಗ್ರವಾಗಿ ಏಕೆ ಕಾಣದು? ಏಕೆಂದರೆ ಯಂತ್ರ ತನ್ನ ಗಾಳಿಯನ್ನು ತಾನೇ ಒಣಗಿಸಿಕೊಳ್ಳುತ್ತಿರುತ್ತದೆ. ಒಳಗೆ ಅತ್ಯಂತ ತಣ್ಣಗಿರುವ ಲೋಹದ ರೆಕ್ಕೆಗಳ ಮೇಲೆ ಗಾಳಿಯ ತೇವ ಬಂದು ಹನಿಯಾಗಿಯೋ ಮಂಜಾಗಿಯೋ ಕೂಡುತ್ತದೆ. ಯಂತ್ರ ನಿಂತ ಕ್ಷಣದಲ್ಲಿ ಈ ಒಣಗಿಸುವ ಕೆಲಸವೂ ನಿಲ್ಲುತ್ತದೆ. ಅಷ್ಟೇ ಅಲ್ಲ, ಅದುವರೆಗೆ ಸೆರೆಹಿಡಿದ ಮಂಜೆಲ್ಲ ಕರಗಿ ನೀರಾಗುತ್ತದೆ. ಆ ಹೊತ್ತಿನಲ್ಲಿ ಬಾಗಿಲು ಮುಚ್ಚಿದರೆ ನಾವು ಮುಚ್ಚಿದ್ದು ಕೇವಲ ಪೆಟ್ಟಿಗೆಯನ್ನಲ್ಲ, ಬೂಷ್ಟಿನ ತೊಟ್ಟಿಲನ್ನು.

ಇಲ್ಲಿ ಈ ಯಂತ್ರದ ಬಗೆಯನ್ನು ಸ್ವಲ್ಪ ವಿವರಿಸುವುದು ಅಪ್ರಸ್ತುತವಾಗಲಾರದು. ಮನೆಬಂಡಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಹೀರಿಕೆಯ ಶೀತಪೆಟ್ಟಿಗೆ. 1922ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ತಾಂತ್ರಿಕ ವಿದ್ಯಾಪೀಠದಲ್ಲಿ ಇನ್ನೂ ವಿದ್ಯಾರ್ಥಿಗಳಾಗಿದ್ದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬಿಬ್ಬರು ಇದನ್ನು ರೂಪಿಸಿದರು. ನಮ್ಮ ವಿದ್ಯಾರ್ಥಿಗಳು ಈ ಮಾತನ್ನು ನೆನಪಿನಲ್ಲಿಡತಕ್ಕದ್ದು. ಇದರಲ್ಲಿ ಮೋಟಾರಿಲ್ಲ, ಚಲಿಸುವ ಭಾಗವೇ ಇಲ್ಲ. ಚಿಕ್ಕದೊಂದು ಅನಿಲದ ಉರಿ ನೀರಿನಲ್ಲಿ ಕರಗಿದ ಅಮೋನಿಯವನ್ನು ಕುದಿಸಿ ಬೇರ್ಪಡಿಸುತ್ತದೆ. ಆ ಅಮೋನಿಯ ಹಿಂಬದಿಯ ಕೊಳವೆಗಳಲ್ಲಿ ಶಾಖವನ್ನು ಬಿಟ್ಟು ದ್ರವವಾಗುತ್ತದೆ. ಮುಂದೆ ಹೈಡ್ರೋಜನ್ ತುಂಬಿದ ಕೊಳವೆಯಲ್ಲಿ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಕೊನೆಗೆ ಮತ್ತೆ ನೀರಿನಲ್ಲಿ ಕರಗಿ ಮೊದಲಿನ ಸ್ಥಾನಕ್ಕೆ ಬರುತ್ತದೆ. ಬೆಂಕಿಯಿಂದ ಚಳಿಯನ್ನು ಪಡೆಯುವ ಈ ಚಮತ್ಕಾರ ವಿದ್ಯುತ್ತಿಲ್ಲದ ಕಾಡಿನ ಬೀಡಿಗೆ ಹೇಳಿ ಮಾಡಿಸಿದಂಥದು. ಈಚಿನ ವರ್ಷಗಳಲ್ಲಿ 12 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಸಂಪೀಡಕ ಯಂತ್ರಗಳು ಅನೇಕ ಹೊಸ ಬಂಡಿಗಳಲ್ಲಿ ಅದರ ಸ್ಥಾನಕ್ಕೆ ಬರುತ್ತಿವೆ. ಯಂತ್ರ ಯಾವುದೇ ಇರಲಿ, ನಿಂತ ಮೇಲೆ ಎರಡೂ ಒಂದೇ: ಗಾಳಿಯಾಡದ ಪೆಟ್ಟಿಗೆ.

ವಾಸನೆಯೇ ರೋಗವಲ್ಲ

ಈಗ ಅಂಗಡಿಯ ಔಷಧಗಳ ವಿಚಾರಕ್ಕೆ ಬರೋಣ. ಅಡಿಗೆ ಸೋಡದ ಡಬ್ಬಿಯೊಂದನ್ನು ಶೀತಪೆಟ್ಟಿಗೆಯಲ್ಲಿ ತೆರೆದಿಡುವ ರೂಢಿ ಅಮೆರಿಕದಲ್ಲಿ ಮನೆಮನೆಗೂ ಹಬ್ಬಿದ್ದು 1972ರಲ್ಲಿ ಆರ್ಮ್ ಅಂಡ್ ಹ್ಯಾಮರ್ ಎಂಬ ಸೋಡ ತಯಾರಕರು ನಡೆಸಿದ ಜಾಹೀರಾತಿನ ಬಲದಿಂದ. ಆ ರೂಢಿಯಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಹುಳಿತ ಹಾಲು, ಹಳಸಿದ ಬೆಣ್ಣೆ ಇವುಗಳ ನಾತಕ್ಕೆ ಕಾರಣವಾದ ಆಮ್ಲಗಳ ಆವಿ ಸೋಡದೊಡನೆ ಕೂಡಿ ಆವಿಯಾಗದ ಲವಣವಾಗುತ್ತದೆ. ಅಷ್ಟರಮಟ್ಟಿಗೆ ನಾತ ಇಳಿಯುತ್ತದೆ. ಇದ್ದಿಲಿನ ಮಾತು ಇದಕ್ಕಿಂತ ಮೇಲು. ವಿಶೇಷವಾಗಿ ಸಂಸ್ಕರಿಸಿದ ಇದ್ದಿಲಿನ ಒಂದು ಗ್ರಾಂನಲ್ಲಿ ನೂರಾರು ಚದರ ಮೀಟರುಗಳಷ್ಟು ಒಳಮೈ ಅಡಗಿದ್ದು, ನಾನಾ ಬಗೆಯ ವಾಸನೆಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಆದರೆ ಇವೆರಡರಲ್ಲಿ ಯಾವುದೂ ಗೋಡೆಯ ಮೇಲಣ ಹನಿಯನ್ನು ಒಣಗಿಸದು. ಸುಗಂಧದ ಬಿಲ್ಲೆಗಳಂತೂ ಒಂದು ವಾಸನೆಯ ಮೇಲೆ ಇನ್ನೊಂದು ವಾಸನೆಯನ್ನು ಹೊದಿಸುತ್ತವೆ, ಅಷ್ಟೆ.

ಜ್ವರ ಬಂದವನ ಮೈಮೇಲೆ ತಣ್ಣೀರು ಬಟ್ಟೆ ಹಾಕಿದರೆ ಮೈ ತಣಿದೀತು. ಜ್ವರದ ಕಾರಣ ಹೋಗದು. ವಾಸನೆ ಬೂಷ್ಟಿನ ಲಕ್ಷಣ. ತೇವ ಅದರ ಕಾರಣ. ಲಕ್ಷಣವನ್ನು ಮುಚ್ಚಿಬಿಟ್ಟರೆ ಇನ್ನೂ ಒಂದು ಕೇಡುಂಟು: ಎಚ್ಚರಿಕೆ ಕೊಡುವ ಗಂಟೆಯನ್ನೇ ನಾವು ಕಟ್ಟಿಹಾಕಿದಂತಾಗುತ್ತದೆ. ಹೀರಿಕೆಯ ಶೀತಪೆಟ್ಟಿಗೆಯಲ್ಲಿ ಈ ಮಾತು ಇನ್ನೂ ಮಹತ್ವದ್ದು. ಮೂಗನ್ನು ಚುಚ್ಚುವ ಅಮೋನಿಯದ ಘಾಟು ಬಂದರೆ, ಅಥವಾ ಹಿಂಬದಿಯ ಕೊಳವೆಯ ಮೇಲೆ ಹಳದಿ ಪುಡಿ ಕಂಡರೆ, ಅದು ಬೂಷ್ಟಲ್ಲ. ಕೊಳವೆ ಸೋರುತ್ತಿರುವುದರ ಗುರುತು. ಆಗ ಯಂತ್ರವನ್ನು ನಿಲ್ಲಿಸಿ, ಬಂಡಿಗೆ ಗಾಳಿ ಬಿಟ್ಟು, ಹೊರಗೆ ಬಂದು, ಬಲ್ಲ ಕೆಲಸಗಾರನನ್ನು ಕರೆಯಬೇಕು. ಆ ಪುಡಿ ವಿಷಕಾರಿಯಾದ್ದರಿಂದ ಅದನ್ನು ಬರಿಗೈಯಿಂದ ಮುಟ್ಟಬಾರದು. ಸುಗಂಧ ತುಂಬಿದ ಪೆಟ್ಟಿಗೆಯಲ್ಲಿ ಇಂಥ ಸೂಚನೆ ತಡವಾಗಿ ತಿಳಿಯುವ ಸಂಭವವಿದೆ.

ಬೂಷ್ಟನ್ನು ಕಂಡೊಡನೆ ಕೈಗೆ ಸಿಕ್ಕಿದ ಎಲ್ಲ ದ್ರವಗಳನ್ನೂ ಒಟ್ಟಿಗೆ ಸುರಿಯುವ ಆತುರವನ್ನೂ ನಾವು ಬಲವಾಗಿ ವಿರೋಧಿಸುತ್ತೇವೆ. ಬಟ್ಟೆ ಬಿಳುಪಿಸುವ ದ್ರವಕ್ಕೆ ವಿನಿಗರ್ ಬೆರೆಸಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಅಮೋನಿಯ ಇರುವ ಮಾರ್ಜಕವನ್ನು ಬೆರೆಸಿದರೆ ಕ್ಲೋರಮೀನ್ ಎಂಬ ವಿಷಾನಿಲಗಳು ಹೊರಡುತ್ತವೆ. ಬಂಡಿಯಂಥ ಕಿರಿದಾದ ಕೋಣೆಯಲ್ಲಿ ಇದು ಪ್ರಾಣಾಪಾಯಕ್ಕೂ ದಾರಿಯಾದೀತು. ರಸಾಯನಶಾಸ್ತ್ರದ ತರಗತಿಯಲ್ಲಿ ಬರೆದುಕೊಂಡ ಸಮೀಕರಣಗಳು ಪರೀಕ್ಷೆಗೆ ಮಾತ್ರವಲ್ಲ, ಸ್ನಾನದ ಮನೆಗೂ ಅಡಿಗೆಯ ಮನೆಗೂ ಸಲ್ಲುತ್ತವೆಂಬುದನ್ನು ಮರೆಯಬಾರದು.

ಮಾಡತಕ್ಕ ಕ್ರಮ

ಹಾಗಾದರೆ ಸರಿಯಾದ ಕ್ರಮವೇನು? ಬಂಡಿಯನ್ನು ನಿಲ್ಲಿಸುವುದಕ್ಕೆ ಒಂದೆರಡು ದಿನ ಮೊದಲೇ ಶೀತಪೆಟ್ಟಿಗೆಯನ್ನು ಬರಿದುಮಾಡಿ, ಯಂತ್ರವನ್ನು ಆರಿಸಿ, ಬಾಗಿಲುಗಳನ್ನು ಪೂರ್ತಿ ತೆರೆಯಬೇಕು. ಮಂಜು ತಾನಾಗಿ ಕರಗಲಿ. ಬೇಕಾದರೆ ಬಿಸಿನೀರಿನ ಪಾತ್ರೆಯೊಂದನ್ನು ಒಳಗಿಡಬಹುದು. ಚಾಕುವಿನಿಂದ ಕೆರೆದರೆ ಲೋಹದ ಕೊಳವೆಗೆ ತೂತು ಬಿದ್ದು ಯಂತ್ರವೇ ಹಾಳಾದೀತು. ಕರಗಿದ ನೀರನ್ನು ಬಟ್ಟೆಯಿಂದ ಒರಸಿ ತೆಗೆದು, ತಟ್ಟೆಗಳನ್ನೂ ಅರೆಗಳನ್ನೂ ಹೊರತೆಗೆದು ಬೆಚ್ಚನೆಯ ಸಾಬೂನು ನೀರಿನಲ್ಲಿ ತೊಳೆಯಬೇಕು. ಆ ಮೇಲೆ ಒಂದು ಲೀಟರು ನೀರಿಗೆ ಒಂದು ದೊಡ್ಡ ಚಮಚದಷ್ಟು ಅಡಿಗೆ ಸೋಡ ಕದಡಿ ಒಳಗೋಡೆಗಳನ್ನು ಒರಸಿ, ತಿಳಿನೀರಿನಿಂದ ಮತ್ತೊಮ್ಮೆ ಒರಸಬೇಕು. ಸೋಡಕ್ಕೆ ತಕ್ಕ ಕೆಲಸ ಇದು. ಡಬ್ಬಿಯಲ್ಲಿ ಸುಮ್ಮನೆ ಕುಳಿತಿರುವುದಕ್ಕಿಂತ ನೀರಿನಲ್ಲಿ ಕರಗಿ ಜಿಡ್ಡನ್ನು ತೆಗೆಯುವಾಗಲೇ ಅದು ಹೆಚ್ಚು ಉಪಕಾರಿ.

ಮೂರು ಸ್ಥಳಗಳನ್ನು ಮಾತ್ರ ಎಂದಿಗೂ ಮರೆಯಬಾರದು. ಒಂದು, ಬಾಗಿಲಿನ ಸುತ್ತಣ ಮೆತ್ತನೆಯ ಪಟ್ಟಿಯ ಮಡಿಕೆಗಳು. ಇವುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಬೇಕು. ಎರಡು, ತಣ್ಣನೆಯ ರೆಕ್ಕೆಗಳ ಕೆಳಗೆ ಹನಿ ಬೀಳುವ ತಟ್ಟೆ. ಮೂರು, ಆ ತಟ್ಟೆಯಿಂದ ನೀರನ್ನು ಹೊರಗೊಯ್ಯುವ ಸಣ್ಣ ಕೊಳವೆ. ಕಣ್ಣಿಗೆ ಕಾಣುವ ಗೋಡೆ ಫಳಫಳ ಹೊಳೆಯುತ್ತಿದ್ದರೂ ಈ ಮೂರರಲ್ಲಿ ಒಂದು ಹಸಿಯಾಗಿದ್ದರೆ ಮೇಲಿನ ಚಹಾ ಚಮಚದ ಲೆಕ್ಕ ನಮ್ಮ ವಿರುದ್ಧವಾಗಿಯೇ ಬರುತ್ತದೆ.

ಬಳಿಕ ಒಣಬಟ್ಟೆಯಿಂದ ಒರಸಿ, ಒಂದು ಹಗಲು ಒಂದು ರಾತ್ರಿ ಬಾಗಿಲನ್ನು ಪೂರ್ತಿ ತೆರೆದಿಡಬೇಕು. ಫ್ಯಾನು ಇದ್ದರೆ ಅದನ್ನು ಆ ಕಡೆಗೆ ತಿರುಗಿಸಬೇಕು. ಕೊನೆಗೆ ಬಾಗಿಲನ್ನು ಎರಡು ಮೂರು ಬೆರಳುಗಳಷ್ಟು ಓರೆಯಾಗಿ ನಿಲ್ಲಿಸಿ, ಅತ್ತಿತ್ತ ಅಲುಗದಂತೆ ಭದ್ರಪಡಿಸಬೇಕು. ಹಲವು ತಯಾರಕರು ಬಾಗಿಲಿನ ಕೊಂಡಿಯಲ್ಲಿಯೇ ಇಂಥ ಓರೆಯ ಸ್ಥಾನವನ್ನು ಇಟ್ಟಿರುತ್ತಾರೆ. ಯಂತ್ರವನ್ನು ಮಾಡಿದವರೇ ಬಾಗಿಲನ್ನು ತೆರೆದಿಡಲು ಏರ್ಪಾಡು ಮಾಡಿರುವಾಗ ಕೊಂಡವರು ಅದನ್ನು ಬಿಗಿದು ಮುಚ್ಚುವುದು ವಿಚಿತ್ರವಲ್ಲವೆ?

ಆಕ್ಷೇಪಗಳಿಗೆ ಸಮಾಧಾನ

ನಮ್ಮ ಅಭಿಪ್ರಾಯಕ್ಕೆ ಎದುರಾಗಿ ಹೇಳಬಹುದಾದ ಮಾತುಗಳೂ ಇವೆ. ತೆರೆದ ಬಾಗಿಲಿನಿಂದ ಇರುವೆ, ಜಿರಲೆ, ಇಲಿಗಳು ಒಳಹೊಗಲಾರವೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವು ಬರುವುದು ಆಹಾರವನ್ನು ಅರಸಿಕೊಂಡು. ಬಂಡಿಯಲ್ಲೆಲ್ಲ ತಿನಿಸಿನ ಚೂರೂ ಉಳಿಯದಂತೆ ಗುಡಿಸಿ, ಹೊರಗೋಡೆಯ ಕಂಡಿಗಳಿಗೆ ಸಣ್ಣ ಕಣ್ಣಿನ ಜಾಲರಿ ಹೊಂದಿಸುವುದು ಇದಕ್ಕೆ ತಕ್ಕ ಪರಿಹಾರ. ಇಲಿಗೆ ಹೆದರಿ ತೇವವನ್ನು ಕೂಡಿಹಾಕುವುದು ಸರಿಯಲ್ಲ.

ಎರಡನೆಯ ಆಕ್ಷೇಪ ಇನ್ನೂ ತೂಕದ್ದು. ಹೊರಗಿನ ಗಾಳಿಯೇ ಹಸಿಯಾಗಿದ್ದರೆ ಬಾಗಿಲು ತೆರೆದು ಫಲವೇನು? ಫ್ಲಾರಿಡದಂಥ ಸೆಕೆಯ ಸೀಮೆಯಲ್ಲಿ ಇದು ದಿನನಿತ್ಯದ ಕಷ್ಟ. ಅಂಥ ಕಡೆ ಇಡಿಯ ಬಂಡಿಯ ಗಾಳಿಯನ್ನೇ ಯಂತ್ರದಿಂದ ಒಣಗಿಸಬೇಕಾಗುತ್ತದೆ. ಅದು ಸಾಧ್ಯವಾಗದಿದ್ದರೆ, ಒಣಹವೆಯ ದಿನವೊಂದರಲ್ಲಿ ಪೆಟ್ಟಿಗೆಯನ್ನು ಪೂರ್ತಿ ಒಣಗಿಸಿ, ಹೊಸದಾಗಿ ಕಾಯಿಸಿದ ಸಿಲಿಕ ಜೆಲ್ ಚೀಲಗಳನ್ನಿಟ್ಟು ಮುಚ್ಚಿ, ತಿಂಗಳಿಗೊಮ್ಮೆ ನೋಡುತ್ತಿರಬೇಕು. ಆದರೆ ಎರಡನ್ನೂ ಕೂಡಿಸಬಾರದು: ಬಾಗಿಲನ್ನು ತೆರೆದು ಸಿಲಿಕ ಜೆಲ್ ಇಟ್ಟರೆ, ಒಂದು ಹಿಡಿ ಹರಳಿನಿಂದ ಲೋಕದ ಗಾಳಿಯನ್ನೆಲ್ಲ ಒಣಗಿಸಹೊರಟಂತೆ. ಉಪಾಯ ಬದಲಾದರೂ ತತ್ವ ಬದಲಾಗಲಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ನಾವು ಬೆನ್ನಟ್ಟುತ್ತಿರುವುದು ತೇವವನ್ನೇ.

ಮಕ್ಕಳ ವಿಚಾರವಾಗಿ ಒಂದು ಮಾತನ್ನು ಗಂಭೀರವಾಗಿ ಹೇಳಬೇಕಾಗಿದೆ. ಮೂಲೆಗೆ ಸೇರಿದ ಶೀತಪೆಟ್ಟಿಗೆಯೊಳಗೆ ಆಟಕ್ಕೆಂದು ಅಡಗಿಕೊಂಡ ಮಕ್ಕಳು, ಹೊರಗಿನ ಕೊಂಡಿ ಬಿದ್ದು ತೆರೆಯಲಾರದೆ ಉಸಿರುಕಟ್ಟಿ ಸತ್ತ ದುರಂತಗಳು ಅಮೆರಿಕದಲ್ಲಿ ನಡೆದುವು. ಅದರಿಂದ 1956ರಲ್ಲಿ ಅಲ್ಲಿ ಕಾಯಿದೆಯೊಂದು ಬಂದು, ಮನೆಬಳಕೆಯ ಶೀತಪೆಟ್ಟಿಗೆಗಳ ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕೆಂದು ವಿಧಿಸಲಾಯಿತು. ಕೊಂಡಿಯ ಬದಲು ಇಂದು ಮನೆಯ ಪೆಟ್ಟಿಗೆಗಳಲ್ಲಿ ಕಾಣುವ ಅಯಸ್ಕಾಂತದ ಪಟ್ಟಿ ಅದರ ಉದ್ದೇಶವನ್ನು ನೆರವೇರಿಸುತ್ತದೆ. ಮನೆಬಂಡಿಯ ಪೆಟ್ಟಿಗೆಗಾದರೋ, ಪ್ರಯಾಣದಲ್ಲಿ ಬಾಗಿಲು ಬಿಚ್ಚಿಕೊಳ್ಳದಿರಲೆಂದು ಕೊಂಡಿ ಬೇಕೇ ಬೇಕು. ಆದುದರಿಂದ ಬಾಗಿಲನ್ನು ಓರೆಯಾಗಿ ಬಿಡುವವರು ಅದು ಅಗಲವಾಗಿ ತೆರೆಯದಂತೆಯೂ ಮುಚ್ಚಿಕೊಳ್ಳದಂತೆಯೂ ಕಟ್ಟಿ, ಬಂಡಿಗೆ ಬೀಗ ಹಾಕತಕ್ಕದ್ದು. ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವವರು ಮೊದಲು ಬಾಗಿಲನ್ನೇ ಕಳಚಿಹಾಕತಕ್ಕದ್ದು. ಗಾಳಿಯಾಡದ ಪೆಟ್ಟಿಗೆ ಬೂಷ್ಟಿಗೆ ತೊಟ್ಟಿಲು. ಮಗುವಿಗೆ ಅದೇ ಸೆರೆಮನೆ.

ನಮ್ಮ ಮನೆಯ ಮಾತು

ದೂರದೇಶದ ಬಂಡಿಯ ಮಾತು ನಮಗೇಕೆ ಎಂದು ಕೆಲವರು ಕೇಳಿಯಾರು. ಮನೆಯವರೆಲ್ಲ ಎರಡು ತಿಂಗಳು ಊರಿಗೆ ಹೋಗುವಾಗ ವಿದ್ಯುತ್ತಿನ ಉಳಿತಾಯಕ್ಕೆಂದು ಫ್ರಿಜ್ಜನ್ನು ಆರಿಸಿ, ಬಾಗಿಲು ಮುಚ್ಚಿ ಹೋಗುವ ರೂಢಿ ನಮ್ಮಲ್ಲಿ ಇಲ್ಲವೆ? ಮುಂಗಾರಿನಲ್ಲಿ ಮಲೆನಾಡು, ಕರಾವಳಿಗಳ ಮನೆಗಳಲ್ಲಿ ಚಪ್ಪಲಿಗೂ ಪುಸ್ತಕದ ರಟ್ಟಿಗೂ ಬೂಷ್ಟು ಹಿಡಿಯುತ್ತದೆ. ಅಲ್ಲಿ ಮುಚ್ಚಿದ ಫ್ರಿಜ್ಜಿನ ಗತಿ ಏನೆಂದು ಹೇಳಬೇಕಾಗಿಲ್ಲ. ಎಂಟು ಹತ್ತು ದಿನಗಳ ಪ್ರವಾಸವಾದರೆ, ಕೆಡುವ ಪದಾರ್ಥಗಳನ್ನು ತೆಗೆದು ಯಂತ್ರವನ್ನು ನಡೆಯಗೊಡುವುದೇ ಮೇಲು. ತಿಂಗಳುಗಳ ಮಾತಾದರೆ ಮೇಲೆ ಹೇಳಿದ ಕ್ರಮವೇ ದಾರಿ. ಗಾಳಿಯಲ್ಲಿ ಸದಾ ತೇವವಿರುವ ಮಳೆಗಾಲದಲ್ಲಿ ಫ್ಲಾರಿಡಕ್ಕೆ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ.

ನಮ್ಮ ಅಜ್ಜಿಯಂದಿರು ಈ ತತ್ವವನ್ನು ಶಿಲೀಂಧ್ರಶಾಸ್ತ್ರದ ಹೆಸರು ಕೇಳದೆಯೇ ಬಲ್ಲವರಾಗಿದ್ದರು. ಉಪ್ಪಿನಕಾಯಿಯ ಭರಣಿಯನ್ನು ತೊಳೆದು ಬಿಸಿಲಿಗಿಟ್ಟು, ಚೂರೂ ಪಸೆಯಿಲ್ಲದಂತೆ ಒಣಗಿದ ಮೇಲೆಯೇ ತುಂಬುತ್ತಿದ್ದರು. ಒದ್ದೆ ಕೈಯನ್ನೋ ಒದ್ದೆ ಚಮಚವನ್ನೋ ಅದರೊಳಗಿಟ್ಟ ಮೊಮ್ಮಕ್ಕಳಿಗೆ ಬೈಗುಳ ತಪ್ಪುತ್ತಿರಲಿಲ್ಲ. ಅವರ ಅನುಭವಕ್ಕೆ ಕಾರಣವನ್ನು ಜೋಡಿಸುವುದು ಮಾತ್ರ ನಮ್ಮ ಪಾಲಿಗೆ ಉಳಿದ ಕೆಲಸ.

ವಿದ್ಯಾರ್ಥಿಗಳು ನಮ್ಮ ಮಾತನ್ನು ಸುಮ್ಮನೆ ನಂಬಬೇಕಾಗಿಲ್ಲ, ಪರೀಕ್ಷಿಸಿ ನೋಡಬಹುದು. ರಬ್ಬರು ಪಟ್ಟಿಯ ಮುಚ್ಚಳವುಳ್ಳ ಒಂದೇ ಬಗೆಯ ನಾಲ್ಕು ಹಳೆಯ ಡಬ್ಬಿಗಳನ್ನು ತೆಗೆದುಕೊಳ್ಳಿ. ನಾಲ್ಕನ್ನೂ ನೀರು ಬೆರೆಸಿದ ಹಾಲಿನಿಂದ ಕಲಕಿ ಚೆಲ್ಲಿ. ಮೊದಲನೆಯದನ್ನು ಹಸಿಯಾಗಿಯೇ ಮುಚ್ಚಿ. ಎರಡನೆಯದನ್ನು ಹಸಿಯಾಗಿಯೇ, ಚಿಕ್ಕ ಬಟ್ಟಲಿನಲ್ಲಿ ಅಡಿಗೆ ಸೋಡವನ್ನಿಟ್ಟು ಮುಚ್ಚಿ. ಮೂರನೆಯದನ್ನು ತೆರೆದೇ ಇಡಿ. ನಾಲ್ಕನೆಯದನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಮುಚ್ಚಿ. ಹತ್ತು ದಿನಗಳ ನಂತರ ಯಾವುದರಲ್ಲಿ ಏನು ಕಂಡೀತೆಂದು ಮೊದಲೇ ಬರೆದಿಟ್ಟು, ಆ ಮೇಲೆ ಹೋಲಿಸಿ ನೋಡಿ. ವಾಸನೆಯನ್ನೂ ಬೂಷ್ಟನ್ನೂ ಬೇರೆ ಬೇರೆ ಅಂಕಣಗಳಲ್ಲಿ ಗುರುತಿಸಿಕೊಳ್ಳಿ. ನಮ್ಮ ವಾದದ ಸತ್ವವೆಲ್ಲ ಆ ಎರಡು ಅಂಕಣಗಳ ವ್ಯತ್ಯಾಸದಲ್ಲಿದೆ. ಡಬ್ಬಿಗಳನ್ನು ಬಯಲಿನಲ್ಲಿ ತೆರೆಯಿರಿ. ಮೂಗನ್ನು ಹತ್ತಿರ ಒಯ್ಯಬೇಡಿ. ಆಸ್ತಮ ಇರುವವರು ಈ ಪ್ರಯೋಗದಿಂದ ದೂರವಿರಲಿ. ಮುಗಿದ ಮೇಲೆ ಡಬ್ಬಿಗಳನ್ನು ಬಿಸಿ ಸಾಬೂನು ನೀರಿನಲ್ಲಿ ತೊಳೆಯುವುದನ್ನು ಮರೆಯಬೇಡಿ, ಒಣಗಿಸುವುದನ್ನಂತೂ ಮರೆಯಲೇಬೇಡಿ.

ಒಂದು ಪೆಟ್ಟಿಗೆಯ ಬಾಗಿಲನ್ನು ತೆರೆದಿಡಬೇಕೋ ಮುಚ್ಚಿಡಬೇಕೋ ಎಂಬುದು ಅತಿ ಸಣ್ಣ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಹುಡುಕುವ ಬಗೆ ಎರಡುಂಟು. ಜಾಹೀರಾತು ತೋರಿದ ಡಬ್ಬಿಯನ್ನು ತಂದಿಟ್ಟು ನಿಶ್ಚಿಂತರಾಗುವುದು ಒಂದು ಬಗೆ. ಬೂಷ್ಟಿಗೆ ಏನು ಬೇಕು, ಅದರಲ್ಲಿ ಯಾವುದು ನಮ್ಮ ಕೈಯಲ್ಲಿದೆ ಎಂದು ಕೇಳಿ, ಚಮಚದಷ್ಟು ನೀರಿಗೂ ಲೆಕ್ಕ ಹಾಕುವುದು ಇನ್ನೊಂದು ಬಗೆ. ಎರಡನೆಯ ಬಗೆಯನ್ನು ರೂಢಿಸಿಕೊಂಡವನಿಗೆ ಶೀತಪೆಟ್ಟಿಗೆಯ ಬಾಗಿಲಲ್ಲದೆ ಇನ್ನೂ ಎಷ್ಟೋ ಬಾಗಿಲುಗಳು ತೆರೆಯುತ್ತವೆಂಬುದು ನಮ್ಮ ದೃಢವಾದ ನಂಬಿಕೆ.